ಅಮ್ಲೋಡಿಪಿನ್ ತೆಗೆದುಕೊಂಡರೂ ಕೈಕಾಲು ಯಾಕೆ ಸೋಲುವುದಿಲ್ಲ? ಅಸ್ಥಿಸ್ನಾಯುವಿನ ಕ್ಯಾಲ್ಸಿಯಂ ಚಾನೆಲ್‌ಗಳ ಬಗ್ಗೆ ಒಂದು ಪ್ರಶ್ನೆ

ಶರೀರಕ್ರಿಯೆ_ಪಿಜಿ:

ಎಲ್ಲರಿಗೂ ನಮಸ್ಕಾರ. ಅಸ್ಥಿಸ್ನಾಯುವಿನ ಟಿ-ನಳಿಕೆಗಳ (ಹೊರಪೊರೆ ತಂತುವಿನ ಒಳಕ್ಕೆ ಚಾಚಿದ ಕೊಳವೆಗಳ) ಪೊರೆಯಲ್ಲಿ ಎಲ್-ಟೈಪ್ ಕ್ಯಾಲ್ಸಿಯಂ ಚಾನೆಲ್, ಅಂದರೆ ಕ್ಯಾವ್ 1.1, ಒತ್ತೊತ್ತಾಗಿ ಕೂತಿರುತ್ತದೆ. ಈ ಜಾತಿಯ ಚಾನೆಲನ್ನು ಮೊದಲು ಶುದ್ಧೀಕರಿಸಿದ್ದೇ ಮೊಲದ ಅಸ್ಥಿಸ್ನಾಯುವಿನಿಂದ. ಹಾಗಿದ್ದ ಮೇಲೆ ರಕ್ತದೊತ್ತಡಕ್ಕೆ ಎಲ್-ಟೈಪ್ ಚಾನೆಲ್ ಮುಚ್ಚುವ ಅಮ್ಲೋಡಿಪಿನ್, ನಿಫೆಡಿಪಿನ್ ತೆಗೆದುಕೊಳ್ಳುವವರ ಕೈಕಾಲು ಸೋಲಬೇಕಿತ್ತಲ್ಲ? ಹಾಗೇನೂ ಆಗುವುದಿಲ್ಲ.

ಇದರಿಂದ ಇನ್ನೆರಡು ಪ್ರಶ್ನೆ ಹುಟ್ಟುತ್ತವೆ. ಔಷಧದಿಂದ ಮುಚ್ಚಿದರೂ ಏನೂ ಆಗದ ಚಾನೆಲ್‌ನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಒಂದು ಕುಟುಂಬದಲ್ಲಿ ಹೈಪೊಕಲೀಮಿಕ್ ಪೀರಿಯಾಡಿಕ್ ಪ್ಯಾರಾಲಿಸಿಸ್ (ರಕ್ತದ ಪೊಟ್ಯಾಸಿಯಂ ಇಳಿದು ಆಗಾಗ ಕೈಕಾಲು ಸೋಲುವ ರೋಗ), ಇನ್ನೊಂದರಲ್ಲಿ ಅರಿವಳಿಕೆ ಔಷಧದಿಂದ ಹೊತ್ತಿಕೊಳ್ಳುವ ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ ಬರುವುದು ಹೇಗೆ? ಹೈಪರ್‌ಥರ್ಮಿಯಾದಲ್ಲಿ ಸ್ನಾಯುಕೋಶದೊಳಗೆ ಮೊದಲೇ ಕ್ಯಾಲ್ಸಿಯಂ ಉಕ್ಕಿರುತ್ತದೆ. ಅಂಥ ಹೊತ್ತಲ್ಲಿ ಪೊಟ್ಯಾಸಿಯಂ ಏರಿದೆ ಎಂದು ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಡಿ ಎನ್ನುತ್ತಾರೆ. ಉರಿಯುವ ಬೆಂಕಿಗೆ ತುಪ್ಪ ಸುರಿದಂತಲ್ಲವೇ? ಪರೀಕ್ಷೆಗೆ ಬರೆಯುವಂಥ ಉತ್ತರ ಬೇಡ, ಒಳಗೆ ಏನು ನಡೆಯುತ್ತದೆ ಎಂಬುದು ತಿಳಿಯಬೇಕು.

ತಂತುಮಾಪಕ:

ಮೊದಲ ಪ್ರಶ್ನೆ ಬಗೆಹರಿದರೆ ಉಳಿದೆರಡರ ದಾರಿ ಅರ್ಧ ತೆರೆದಂತೆ. ಅಸ್ಥಿಸ್ನಾಯುವಿನಲ್ಲಿ ಕ್ಯಾವ್ 1.1ರ ಮುಖ್ಯ ಕೆಲಸ ಕ್ಯಾಲ್ಸಿಯಂ ಒಳಗೆ ಬಿಡುವುದಲ್ಲ. ಪೊರೆಯ ವೋಲ್ಟೇಜ್ ಬದಲಾದದ್ದನ್ನು ಗ್ರಹಿಸಿ, ಎದುರಿಗೇ ಇರುವ, ಕ್ಯಾಲ್ಸಿಯಂ ಹೊರಬಿಡುವ ಇನ್ನೊಂದು ಚಾನೆಲ್ ಆದ ರಯನೊಡಿನ್ ರಿಸೆಪ್ಟರ್ 1ನ್ನು ತೆರೆಸುವುದು ಅದರ ಕೆಲಸ. ಸಂಕೋಚನಕ್ಕೆ ಬೇಕಾದ ಕ್ಯಾಲ್ಸಿಯಂ ಪೂರಾ ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಒಳಗಿನ ಕಣಜದಿಂದ ಬರುತ್ತದೆ.

ಅಂಕಿಗಳನ್ನು ನೋಡಿ. ವಿಶ್ರಾಂತಿಯಲ್ಲಿ ಕೋಶದ್ರವದ ಮುಕ್ತ ಕ್ಯಾಲ್ಸಿಯಂ ಸುಮಾರು 100 ನ್ಯಾನೊಮೋಲಾರ್. ಹೊರಗೆ ಸುಮಾರು 1.2 ಮಿಲಿಮೋಲಾರ್, ಕಣಜದೊಳಗೂ ಹೆಚ್ಚುಕಡಿಮೆ ಅದೇ ಪ್ರಮಾಣದ ಮುಕ್ತ ಕ್ಯಾಲ್ಸಿಯಂ. ಅದರ ಮೇಲೆ ಕ್ಯಾಲ್ಸಿಕ್ವೆಸ್ಟ್ರಿನ್ ಎಂಬ ಪ್ರೋಟೀನ್‌ಗೆ ಅಂಟಿಕೊಂಡಿರುವ ದೊಡ್ಡ ದಾಸ್ತಾನು ಬೇರೆ. ಒಂದು ಸೆಳೆತಕ್ಕೆ ಕೋಶದ್ರವದಲ್ಲಿ ಅದು ಕೆಲವು ಮೈಕ್ರೋಮೋಲಾರ್‌ಗೆ ಏರಿ ಇಳಿಯುತ್ತದೆ. ಈಗ ಸಮಯದ ಲೆಕ್ಕ: ಸ್ನಾಯುವಿನ ಆಕ್ಷನ್ ಪೊಟೆನ್ಷಿಯಲ್ (ಪೊರೆಯಲ್ಲಿ ಓಡುವ ವಿದ್ಯುತ್ ಸಂಕೇತ) ಮುಗಿಯಲು ಕೆಲವೇ ಮಿಲಿಸೆಕೆಂಡು ಸಾಕು. ಕ್ಯಾವ್ 1.1ರ ಕ್ಯಾಲ್ಸಿಯಂ ಪ್ರವಾಹ ತುತ್ತತುದಿ ಮುಟ್ಟಲು ಹತ್ತಾರು ಮಿಲಿಸೆಕೆಂಡು ಬೇಕು. ಅದರ ರಂಧ್ರ ಸರಿಯಾಗಿ ತೆರೆಯುವಷ್ಟರಲ್ಲಿ ಸಂಕೇತವೇ ಮುಗಿದಿರುತ್ತದೆ. ಆದರೆ ವೋಲ್ಟೇಜ್ ಗ್ರಹಿಸುವ ಎಸ್4 ಭಾಗಗಳು ಒಂದೆರಡು ಮಿಲಿಸೆಕೆಂಡಿನಲ್ಲೇ ಕದಲುತ್ತವೆ, ರಯನೊಡಿನ್ ರಿಸೆಪ್ಟರ್‌ಗೆ ಅಷ್ಟು ಸಾಕು.

ಇದಕ್ಕೆ ಆಧಾರ ಹಳೆಯದು. ಕ್ಯಾಲ್ಸಿಯಂ ಇಲ್ಲದ ದ್ರಾವಣದಲ್ಲಿ ಹೃದಯದ ಬಡಿತ ನಿಲ್ಲುತ್ತದೆ ಎಂದು 1883ರಲ್ಲೇ ರಿಂಗರ್ ತೋರಿಸಿದ್ದರು. ಅಸ್ಥಿಸ್ನಾಯು ಹಾಗಲ್ಲ: 1972ರಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಸಹೋದ್ಯೋಗಿಗಳು ಕಪ್ಪೆಯ ಸ್ನಾಯುತಂತುವನ್ನು ಇಜಿಟಿಎ ದ್ರಾವಣದಲ್ಲಿಟ್ಟು, ಹೊರಗಿನ ಕ್ಯಾಲ್ಸಿಯಂ ಪೂರ್ತಿ ಹೀರಿದ ಮೇಲೂ ಅದು ಸೆಳೆಯುತ್ತಲೇ ಇರುವುದನ್ನು ಕಂಡರು. ಮರುವರ್ಷ ಷ್ನೈಡರ್ ಮತ್ತು ಚಾಂಡ್ಲರ್ ವೋಲ್ಟೇಜ್ ಸೆನ್ಸರ್ ಕದಲುವಾಗಿನ ಚಾರ್ಜ್ ಚಲನೆಯನ್ನೇ ಅಳೆದರು. 2017ರಲ್ಲಿ ಇನ್ನೂ ನೇರವಾದ ಸಾಕ್ಷ್ಯ ಬಂತು: ಕ್ಯಾವ್ 1.1ರ ರಂಧ್ರದಲ್ಲಿ ಕ್ಯಾಲ್ಸಿಯಂ ಹಾಯದಂತೆ ಒಂದೇ ಅಮೈನೋ ಆಮ್ಲ ಬದಲಿಸಿದ ಇಲಿಗಳು ಆರೋಗ್ಯವಾಗಿ ಬೆಳೆದವು, ಅವುಗಳ ಸ್ನಾಯುಬಲದಲ್ಲಿ ಕೊರತೆ ಕಾಣಲಿಲ್ಲ. ಎಷ್ಟೋ ಮೀನುಗಳಲ್ಲಿ ಈ ಚಾನೆಲ್ ಸ್ವಭಾವತಃ ಕ್ಯಾಲ್ಸಿಯಂ ಹಾಯಿಸುವುದೇ ಇಲ್ಲ.

ಜೋಡಣೆ ಹೀಗಿದೆ: ರಯನೊಡಿನ್ ರಿಸೆಪ್ಟರ್ 1 ನಾಲ್ಕು ಒಂದೇ ಬಗೆಯ ಘಟಕಗಳದ್ದು, ಒಂದೊಂದರಲ್ಲೂ 5,038 ಅಮೈನೋ ಆಮ್ಲ, ಒಟ್ಟು ತೂಕ 22 ಲಕ್ಷ ಡಾಲ್ಟನ್‌ಗೂ ಮೇಲೆ. ಒಂದು ಬಿಟ್ಟು ಒಂದು ರಿಸೆಪ್ಟರ್‌ನ ಎದುರು ನಾಲ್ಕು ಕ್ಯಾವ್ 1.1 ಚೌಕಾಕಾರವಾಗಿ ಕೂತಿರುತ್ತವೆ. ನಡುವಿನ ಕೊಂಡಿಗೆ ಬೀಟಾ-1ಎ ಘಟಕ ಮತ್ತು ಸ್ಟ್ಯಾಕ್3 ಎಂಬ ಪ್ರೋಟೀನ್ ಎರಡೂ ಬೇಕು, ಒಂದು ತಪ್ಪಿದರೂ ಕೊಂಡಿ ಕಳಚುತ್ತದೆ. ಹೃದಯದಲ್ಲಿ ಇಂಥ ನೇರ ಕೊಂಡಿ ಇಲ್ಲ. ಅಲ್ಲಿ ಕ್ಯಾವ್ 1.2ರಿಂದ ನುಗ್ಗಿದ ಕ್ಯಾಲ್ಸಿಯಂ ತಾನೇ ಹೋಗಿ ರಯನೊಡಿನ್ ರಿಸೆಪ್ಟರ್ 2ನ್ನು ತೆರೆಯಬೇಕು. ಕ್ಯಾಲ್ಸಿಯಂ ಚಾನೆಲ್ ಮುಚ್ಚುವ ವೆರಾಪಮಿಲ್ ಹೃದಯದ ಬಲ ತಗ್ಗಿಸುವುದು ಅದಕ್ಕೇ.

ಅಮ್ಲೋಡಿಪಿನ್ ವಿಷಯದಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಅಮ್ಲೋಡಿಪಿನ್ ಸೇರಿದ ಗುಂಪಾದ ಡೈಹೈಡ್ರೊಪಿರಿಡಿನ್‌ಗಳು ನಿಷ್ಕ್ರಿಯಗೊಂಡ ಚಾನೆಲ್‌ಗೆ ಹೆಚ್ಚು ಗಟ್ಟಿಯಾಗಿ ಅಂಟುತ್ತವೆ. ರಕ್ತನಾಳದ ನಯಸ್ನಾಯು ಸುಮಾರು -50 ಮಿಲಿವೋಲ್ಟ್‌ನಲ್ಲಿರುತ್ತದೆ, ಅಲ್ಲಿ ಅಂಥ ಚಾನೆಲ್‌ಗಳು ಸಾಕಷ್ಟು. ಅಸ್ಥಿಸ್ನಾಯು -85ರ ಆಸುಪಾಸಿನಲ್ಲಿ ವಿಶ್ರಮಿಸುತ್ತದೆ, ಅಲ್ಲಿ ಔಷಧದ ಹಿಡಿತ ಸಡಿಲ.

ಪ್ರಯೋಗಾಲಯದಲ್ಲಿ ನೋಡಬೇಕೆಂದಿದ್ದರೆ ಮಯೊಟ್ಯೂಬ್‌ಗಳನ್ನು (ಬೆಳೆಸಿದ ಎಳೆಯ ಸ್ನಾಯುತಂತುಗಳನ್ನು) ಪ್ಯಾಚ್ ಕ್ಲ್ಯಾಂಪ್ ಮಾಡಿ, ಅಂದರೆ ಸೂಕ್ಷ್ಮ ನಳಿಕೆಯಿಂದ ಪೊರೆಯ ಪ್ರವಾಹ ಅಳೆಯುತ್ತ, ಹೊರದ್ರಾವಣಕ್ಕೆ 0.5 ಮಿಲಿಮೋಲಾರ್ ಕ್ಯಾಡ್ಮಿಯಂ, 0.1 ಮಿಲಿಮೋಲಾರ್ ಲ್ಯಾಂಥನಂ ಸೇರಿಸಿ. ಕ್ಯಾಲ್ಸಿಯಂ ಪ್ರವಾಹ ಮಾಯವಾಗುತ್ತದೆ, ಒಳಗಿನ ಕ್ಯಾಲ್ಸಿಯಂ ಏರಿಳಿತ ಹಾಗೇ ಉಳಿಯುತ್ತದೆ. ಇಲ್ಲಿ ಹೆಚ್ಚು ಜನ ಎಡವುವುದು ಕ್ಯಾಲ್ಸಿಯಂ ತೋರಿಸುವ ಹೊಳೆಯುವ ಬಣ್ಣದ ಆಯ್ಕೆಯಲ್ಲಿ. ಫ್ಯೂರಾ-2 ಸುಮಾರು 200 ನ್ಯಾನೊಮೋಲಾರ್‌ನಲ್ಲೇ ಅರ್ಧ ತುಂಬುತ್ತದೆ. ವಿಶ್ರಾಂತಿಯ ಮಟ್ಟ ಅಳೆಯಲು ಅದು ಸರಿ, ಸೆಳೆತ ಅಳೆಯಲು ಹೋದರೆ ತುದಿ ಚಪ್ಪಟೆಯಾಗುತ್ತದೆ, ಇಳಿಕೆಯೂ ನಿಧಾನವೆಂದು ಕಾಣುತ್ತದೆ. ಸೆಳೆತಕ್ಕೆ ಮ್ಯಾಗ್-ಫ್ಲುವೋ-4ರಂಥ ಕಡಿಮೆ ಬಂಧನಶಕ್ತಿಯ ಬಣ್ಣವೇ ಬೇಕು. ತಂತು ಅಲುಗಾಡದಿರಲು ಸಂಕೋಚನ ತಡೆಯುವ ಬ್ಲೆಬ್ಬಿಸ್ಟಾಟಿನ್ ಹಾಕಿ ನೀಲಿ ಬೆಳಕು ಬಿಟ್ಟರೆ ಕೋಶಕ್ಕೆ ವಿಷವಾಗುತ್ತದೆ, ಅದರ ಬದಲು ಬಿಟಿಎಸ್ ಬಳಸಿ.

ಅರಿವಳಿಕೆ_ಕೊಠಡಿ:

ಮೂರನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ತಂತುಮಾಪಕರು ಹೇಳಿದ್ದರಲ್ಲೇ ಅದರ ಬೀಜ ಇದೆ. ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾದಲ್ಲಿ ಉಕ್ಕುವ ಕ್ಯಾಲ್ಸಿಯಂ ಮುಖ್ಯವಾಗಿ ಕಣಜದ್ದು, ರಕ್ತದ್ದಲ್ಲ. ರಕ್ತನಾಳಕ್ಕೆ ಕೊಟ್ಟ ಕ್ಯಾಲ್ಸಿಯಂ ಹೃದಯದ ಪೊರೆಯನ್ನು ಏರಿದ ಪೊಟ್ಯಾಸಿಯಂನಿಂದ ಕಾಯುತ್ತದೆ, ರಯನೊಡಿನ್ ರಿಸೆಪ್ಟರ್‌ನ ಸೋರಿಕೆಗೆ ಇಂಬು ಕೊಡುವುದಿಲ್ಲ. ಆದ್ದರಿಂದ ಪೊಟ್ಯಾಸಿಯಂ ಏರಿ ಇಸಿಜಿ ಕೆಟ್ಟರೆ ಕ್ಯಾಲ್ಸಿಯಂ ಕ್ಲೋರೈಡ್ ಕೆ.ಜಿ.ಗೆ 10 ಮಿ.ಗ್ರಾಂ ಅಥವಾ ಗ್ಲುಕೋನೇಟ್ ಕೆ.ಜಿ.ಗೆ 30 ಮಿ.ಗ್ರಾಂ ಕೊಡಲು ಹಿಂಜರಿಯಬೇಡಿ. ಕೊಡಬಾರದ್ದು ವೆರಾಪಮಿಲ್, ಡಿಲ್ಟಿಯಾಜೆಮ್. ರಯನೊಡಿನ್ ರಿಸೆಪ್ಟರ್‌ನ ಸೋರಿಕೆ ತಡೆಯುವ ಔಷಧವಾದ ಡ್ಯಾಂಟ್ರೊಲಿನ್ ಜೊತೆ ಅವು ಸೇರಿದರೆ ಪೊಟ್ಯಾಸಿಯಂ ಇನ್ನೂ ಏರಿ ಹೃದಯ ಕುಸಿಯಬಹುದು.

ರೋಗ ಹೊತ್ತಿಕೊಳ್ಳುವ ಬಗೆ: ರಯನೊಡಿನ್ ರಿಸೆಪ್ಟರ್ 1ರ ಜೀನ್ ಆದ ಆರ್‌ವೈಆರ್1ರ ಮ್ಯುಟೇಷನ್‌ನಿಂದ ಚಾನೆಲ್ ಸುಲಭಕ್ಕೆ ತೆರೆಯುವ ಸ್ವಭಾವ ಪಡೆದಿರುತ್ತದೆ. ದಿನನಿತ್ಯದಲ್ಲಿ ಏನೂ ಕಾಣದು. ಸೆವೊಫ್ಲುರೇನ್, ಐಸೊಫ್ಲುರೇನ್, ಡೆಸ್‌ಫ್ಲುರೇನ್, ಹ್ಯಾಲೋಥೇನ್‌ನಂಥ ಆವಿ ಅರಿವಳಿಕೆ ಅಥವಾ ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ತಗುಲಿದಾಗ ಅದು ಮುಚ್ಚುವುದನ್ನೇ ಬಿಡುತ್ತದೆ. ಕ್ಯಾಲ್ಸಿಯಂ ವಾಪಸು ಎಳೆಯಲು ಕಣಜದ ಪೊರೆಯ ಸರ್ಕಾ ಪಂಪ್ ಎರಡು ಕ್ಯಾಲ್ಸಿಯಂಗೆ ಶಕ್ತಿಯ ಅಣುವಾದ ಎಟಿಪಿ ಒಂದನ್ನು ಸುಡುತ್ತದೆ, ಅತ್ತ ಮಯೊಸಿನ್ ಬೇರೆ ಸುಡುತ್ತಿರುತ್ತದೆ. ಎಳೆದಷ್ಟೂ ಸೋರುವುದರಿಂದ ಎರಡೂ ನಿಲ್ಲುವುದಿಲ್ಲ. ಇಂಗಾಲದ ಡೈಆಕ್ಸೈಡ್, ಲ್ಯಾಕ್ಟೇಟ್, ಶಾಖ ಎಲ್ಲ ಅದರ ಫಲ. ಎಟಿಪಿ ಮುಗಿದಾಗ ಸ್ನಾಯು ಬಿಗಿಯುತ್ತದೆ, ಪೊರೆ ಒಡೆದು ಪೊಟ್ಯಾಸಿಯಂ, ಮಯೊಗ್ಲೋಬಿನ್, ಸಿಕೆ ಎಂಬ ಸ್ನಾಯುಕಿಣ್ವ ರಕ್ತಕ್ಕೆ ಸುರಿಯುತ್ತವೆ.

ಹೆಸರಿನಲ್ಲಿ ಜ್ವರವಿದೆ ಎಂದು ಥರ್ಮಾಮೀಟರ್ ನೋಡುತ್ತ ಕೂರುವುದು ಅತ್ಯಂತ ಅಪಾಯದ ತಪ್ಪು. ವೆಂಟಿಲೇಶನ್ ಹೆಚ್ಚಿಸಿದರೂ ಇಳಿಯದೆ ಏರುವ ಉಸಿರಿನ ಇಂಗಾಲದ ಡೈಆಕ್ಸೈಡ್, ಕಾರಣ ಸಿಗದ ಹೃದಯವೇಗ, ದವಡೆ ಬಿಗಿತ, ಇವು ಮೊದಲು ಬರುತ್ತವೆ. ತಾಪ ಎಷ್ಟೋ ಸಲ ತಡವಾಗಿ ಏರುತ್ತದೆ.

ಮಾಡಬೇಕಾದ್ದು: ಆವಿ ಅರಿವಳಿಕೆ ನಿಲ್ಲಿಸಿ, ಶೇ 100 ಆಮ್ಲಜನಕ ನಿಮಿಷಕ್ಕೆ 10 ಲೀಟರ್‌ಗಿಂತ ಹೆಚ್ಚು ಹರಿಸಿ, ಇದ್ದರೆ ಇದ್ದಿಲಿನ ಫಿಲ್ಟರ್‌ಗಳನ್ನು ಎರಡೂ ಕೊಳವೆಗೆ ಹಾಕಿ, ಪ್ರೊಪೊಫಾಲ್‌ಗೆ ಬದಲಿಸಿ. ಡ್ಯಾಂಟ್ರೊಲಿನ್ ಕೆ.ಜಿ.ಗೆ 2.5 ಮಿ.ಗ್ರಾಂ ಕೊಡಿ, ಲಕ್ಷಣ ತಗ್ಗುವವರೆಗೆ ಪುನರಾವರ್ತಿಸಿ. ಹಳೆಯ ಬಗೆಯ ಸೀಸೆಯಲ್ಲಿ 20 ಮಿ.ಗ್ರಾಂ ಔಷಧ, 3 ಗ್ರಾಂ ಮ್ಯಾನಿಟಾಲ್ ಇರುತ್ತದೆ. ಒಂದೊಂದಕ್ಕೂ 60 ಮಿ.ಲೀ. ಸ್ಟೆರೈಲ್ ನೀರು ಬೇಕು, ಸಲೈನ್ ಬಳಸಬಾರದು. 70 ಕೆ.ಜಿ. ತೂಕದವರಿಗೆ ಮೊದಲ ಡೋಸ್ 175 ಮಿ.ಗ್ರಾಂ, ಅಂದರೆ 9 ಸೀಸೆ, ಅರ್ಧ ಲೀಟರಿಗೂ ಹೆಚ್ಚು ನೀರು. ಕುಲುಕಿ ಕರಗಿಸಲು ಇಬ್ಬರು ಮೂವರನ್ನು ಅದಕ್ಕೇ ನಿಲ್ಲಿಸಿ. 36 ಸೀಸೆ ದಾಸ್ತಾನಿರಬೇಕು ಎಂಬ ಶಿಫಾರಸು ಯಾಕೆ ಎಂದು ಈ ಲೆಕ್ಕದಲ್ಲೇ ಗೊತ್ತಾಗುತ್ತದೆ. ದ್ರಾವಣ ತುಂಬ ಕ್ಷಾರೀಯ, ನಾಳದಿಂದ ಹೊರಬಿದ್ದರೆ ಅಂಗಾಂಶ ಕೆಡುತ್ತದೆ, ಆದ್ದರಿಂದ ದೊಡ್ಡ ನಾಳ ಆರಿಸಿ. 9 ಸೀಸೆಯೊಡನೆ ಮೂತ್ರ ಹೆಚ್ಚಿಸುವ ಮ್ಯಾನಿಟಾಲ್ 27 ಗ್ರಾಂ ಕೂಡ ಒಳಗೆ ಹೋಗುತ್ತದೆ. ಮೂತ್ರ ಚೆನ್ನಾಗಿ ಬಂತೆಂದು ಮೂತ್ರಪಿಂಡ ಸುರಕ್ಷಿತ ಎಂದುಕೊಳ್ಳುವಂತಿಲ್ಲ. 250 ಮಿ.ಗ್ರಾಂ ಔಷಧ 5 ಮಿ.ಲೀ. ನೀರಿನಲ್ಲಿ ಕರಗುವ ಹೊಸ ರೂಪ ಲಭ್ಯವಿದ್ದಲ್ಲಿ ಈ ಪರದಾಟವಿಲ್ಲ.

ತಣಿಸುವುದನ್ನು 38 ಡಿಗ್ರಿಗೆ ಬಂದಾಗ ನಿಲ್ಲಿಸಿ. ಮೊದಲ ಒಂದು ದಿನ ಪ್ರತಿ 4ರಿಂದ 6 ಗಂಟೆಗೆ ಕೆ.ಜಿ.ಗೆ 1 ಮಿ.ಗ್ರಾಂ ಮುಂದುವರಿಸಿ, ಸುಮಾರು ಐದರಲ್ಲಿ ಒಬ್ಬರಿಗೆ ಅದು ಮರುಕಳಿಸುತ್ತದೆ. 1960ರಲ್ಲಿ ಡೆನ್‌ಬರೋ ಮತ್ತು ಲವೆಲ್ ಮೆಲ್ಬರ್ನ್‌ನಿಂದ ಒಂದು ಕುಟುಂಬದ ಬಗ್ಗೆ ವರದಿ ಮಾಡಿದ ಮೇಲೆ ವರ್ಷಗಟ್ಟಲೆ ಈ ರೋಗದಲ್ಲಿ ಬದುಕುಳಿದವರೇ ಕಡಿಮೆ. ಆ ಲೆಕ್ಕವನ್ನು ಬದಲಿಸಿದ್ದು ಡ್ಯಾಂಟ್ರೊಲಿನ್, ಆದ್ದರಿಂದ ಅದು ಬೇರೆಲ್ಲೋ ಬೀಗ ಹಾಕಿದ ಕಪಾಟಿನಲ್ಲಿರಬಾರದು, ಕೈಗೆಟಕುವ ಕಡೆ ಇರಬೇಕು.

ನರಸ್ನಾಯು_ಚಿಕಿತ್ಸಕ:

ಎರಡನೇ ಪ್ರಶ್ನೆ: ಒಂದೇ ಜೀನ್, ಎರಡು ರೋಗ. ಬದಲಾವಣೆ ಪ್ರೋಟೀನಿನ ಯಾವ ಜಾಗದಲ್ಲಿ ಆಗಿದೆ ಎಂಬುದೇ ನಿರ್ಣಾಯಕ. ಕ್ಯಾವ್ 1.1ರಲ್ಲಿ ಆರ್1086ಎಚ್ (1086ನೇ ಜಾಗದ ಆರ್ಜಿನಿನ್ ಬದಲು ಹಿಸ್ಟಿಡಿನ್) ಮ್ಯುಟೇಷನ್ 3 ಮತ್ತು 4ನೇ ಡೊಮೈನ್‌ಗಳ ನಡುವೆ ಕೋಶದೊಳಕ್ಕೆ ಚಾಚಿರುವ ಕೊಂಡಿಯಲ್ಲಿದೆ. ಅಲ್ಲಿ ಕೆಟ್ಟರೆ ರಯನೊಡಿನ್ ರಿಸೆಪ್ಟರ್ ಮೇಲಿನ ಲಗಾಮು ತಪ್ಪುತ್ತದೆ, ಹೈಪರ್‌ಥರ್ಮಿಯಾ ಪ್ರವೃತ್ತಿ ಬರುತ್ತದೆ. ಹೈಪೊಕಲೀಮಿಕ್ ಪ್ಯಾರಾಲಿಸಿಸ್ ತರುವ ಆರ್528ಎಚ್, ಆರ್1239ಎಚ್ ಎರಡೂ ಎಸ್4 ವೋಲ್ಟೇಜ್ ಸೆನ್ಸರ್‌ನಲ್ಲಿವೆ. ಅಲ್ಲಿ ಆರ್ಜಿನಿನ್ ಹೋದರೆ ಸೆನ್ಸರ್‌ನ ಪಕ್ಕದಲ್ಲೇ, ಮುಖ್ಯ ರಂಧ್ರಕ್ಕೆ ಸಂಬಂಧವಿಲ್ಲದ ಒಂದು ಸಣ್ಣ ಬಿರುಕು ಉಂಟಾಗಿ, ಧನ ಅಯಾನುಗಳು ವಿಶ್ರಾಂತಿಯಲ್ಲೂ ಒಳಗೆ ಜಿನುಗುತ್ತವೆ. ಇದನ್ನು ಗೇಟಿಂಗ್ ಪೋರ್ ಪ್ರವಾಹ ಎನ್ನುತ್ತಾರೆ. ಸೋಡಿಯಂ ಚಾನೆಲ್‌ನಲ್ಲಿ ಇದು 2007ರಲ್ಲಿ ಕಂಡುಬಂತು, ಆರ್528ಎಚ್ ಹೊತ್ತ ಇಲಿಗಳಲ್ಲಿ 2012ರಲ್ಲಿ.

ಪಾರ್ಶ್ವವಾಯುವಿನಂತೆ ಕೈಕಾಲು ಬೀಳುವುದಕ್ಕೂ ಕ್ಯಾಲ್ಸಿಯಂಗೂ ಇಲ್ಲಿ ನೇರ ನಂಟಿಲ್ಲ. ಆರೋಗ್ಯವಂತ ತಂತುವಿನಲ್ಲಿ ರಕ್ತದ ಪೊಟ್ಯಾಸಿಯಂ ಇಳಿದರೆ ಪೊರೆ ಇನ್ನಷ್ಟು ಋಣವಾಗುತ್ತದೆ. ಜಿನುಗುವ ತಂತುವಿನಲ್ಲಿ ಪೊಟ್ಯಾಸಿಯಂ ಪ್ರವಾಹ ಆ ಜಿನುಗನ್ನು ಸರಿದೂಗಿಸಲಾರದೆ, ಪೊರೆ ತಟ್ಟನೆ -60 ಮಿಲಿವೋಲ್ಟ್ ಆಸುಪಾಸಿಗೆ ಜಿಗಿದು ಅಲ್ಲೇ ನಿಲ್ಲುತ್ತದೆ. ಆ ವೋಲ್ಟೇಜ್‌ನಲ್ಲಿ ಸೋಡಿಯಂ ಚಾನೆಲ್‌ಗಳು ನಿಷ್ಕ್ರಿಯವಾಗಿರುತ್ತವೆ. ಆಕ್ಷನ್ ಪೊಟೆನ್ಷಿಯಲ್ ಹುಟ್ಟುವುದಿಲ್ಲ, ಸ್ನಾಯು ಸುಮ್ಮನಾಗುತ್ತದೆ. ಪಿಷ್ಟ ಹೆಚ್ಚಿರುವ ಊಟ, ಶ್ರಮದ ನಂತರದ ವಿಶ್ರಾಂತಿ ಇವು ದಾಳಿ ತರುವುದು ಪೊಟ್ಯಾಸಿಯಂ ಕೋಶದೊಳಗೆ ಸರಿಯುವುದರಿಂದ. ಎಷ್ಟೋ ರೋಗಿಗಳು ಎಚ್ಚರವಾಗುವಾಗಲೇ ಕೈಕಾಲು ಎತ್ತಲಾರದೆ ಇರುವುದೂ ಅದಕ್ಕೇ.

ಚಿಕಿತ್ಸೆಯಲ್ಲಿ ಕೆಡುವ ಜಾಗಗಳನ್ನು ಒತ್ತಿ ಹೇಳುತ್ತೇನೆ. ಪೊಟ್ಯಾಸಿಯಂ ಬಾಯಿಯ ಮೂಲಕ, ದ್ರವರೂಪದಲ್ಲಿ: ಕೆ.ಜಿ.ಗೆ 0.5ರಿಂದ 1 ಮಿಲಿ ಈಕ್ವಿವಲೆಂಟ್, ಬಲ ಬಾರದಿದ್ದರೆ ಅರ್ಧ ಗಂಟೆಗೊಮ್ಮೆ 0.3, ದಿನಕ್ಕೆ 200 ಮೀರದಂತೆ, ಇಸಿಜಿ ನೋಡಿಕೊಂಡು. ನಿಧಾನ ಬಿಡುಗಡೆಯ ಮಾತ್ರೆ ದಾಳಿಯ ಹೊತ್ತಿಗೆ ಪ್ರಯೋಜನಕ್ಕಿಲ್ಲ. ನುಂಗಲಾಗದೆ ಡ್ರಿಪ್ ಹಾಕಬೇಕಾದರೆ ಗ್ಲೂಕೋಸ್ ದ್ರಾವಣದಲ್ಲಿ ಪೊಟ್ಯಾಸಿಯಂ ಬೆರೆಸಬೇಡಿ. ಗ್ಲೂಕೋಸ್ ಇನ್ಸುಲಿನ್ ಏರಿಸುತ್ತದೆ, ಇನ್ಸುಲಿನ್ ಪೊಟ್ಯಾಸಿಯಂ ಅನ್ನು ಮತ್ತೆ ಕೋಶಕ್ಕೆ ತಳ್ಳುತ್ತದೆ, ರೋಗಿ ಇನ್ನಷ್ಟು ಸೋಲುತ್ತಾರೆ. ಶೇ 5 ಮ್ಯಾನಿಟಾಲ್ ಒಳ್ಳೆಯದು. ದೇಹದ ಒಟ್ಟು ಪೊಟ್ಯಾಸಿಯಂ ಕಡಿಮೆಯಾಗಿರುವುದಿಲ್ಲ, ಜಾಗ ಬದಲಿಸಿರುತ್ತದೆ ಅಷ್ಟೇ. ದಾಳಿ ಇಳಿಯುವಾಗ ಅದು ಹೊರಬರುತ್ತದೆ, ಹೆಚ್ಚು ಕೊಟ್ಟಿದ್ದರೆ ಪೊಟ್ಯಾಸಿಯಂ ಮಿತಿಮೀರಿ ಹೃದಯಕ್ಕೆ ಅಪಾಯ.

ಮೊದಲ ದಾಳಿಯಾದರೆ ಥೈರಾಯ್ಡ್ ಪರೀಕ್ಷೆ ಬಿಡಬಾರದು, ಥೈರೋಟಾಕ್ಸಿಕ್ ಪ್ಯಾರಾಲಿಸಿಸ್ ಹೊರನೋಟಕ್ಕೆ ಹೀಗೇ ಇರುತ್ತದೆ. ದಾಳಿ ಮುಗಿದ ಮೇಲೆ ಪೊಟ್ಯಾಸಿಯಂ ಸಹಜವಿರುವುದರಿಂದ ಆಗ ಲಾಂಗ್ ಎಕ್ಸರ್‌ಸೈಜ್ ಟೆಸ್ಟ್ ಮಾಡುತ್ತಾರೆ: ಕೈಯ ಸಣ್ಣ ಸ್ನಾಯುವನ್ನು 5 ನಿಮಿಷ ದುಡಿಸಿ, ಮುಂದಿನ 40ರಿಂದ 50 ನಿಮಿಷ ಸಿಎಂಎಪಿ, ಅಂದರೆ ನರ ಪ್ರಚೋದಿಸಿದಾಗ ಸ್ನಾಯುವಿನಲ್ಲಿ ಹುಟ್ಟುವ ವಿದ್ಯುತ್ ಸಂಕೇತ, ದಾಖಲಿಸುವುದು. ತುತ್ತತುದಿಯಿಂದ ಶೇ 40ಕ್ಕಿಂತ ಹೆಚ್ಚು ಕುಸಿದರೆ ಪಾಸಿಟಿವ್. ತಡೆಗಟ್ಟಲು ಅಸೆಟಜೋಲಮೈಡ್ ಅಥವಾ ಡೈಕ್ಲೋರ್‌ಫೆನಮೈಡ್. ಕ್ಯಾವ್ 1.1 ಮ್ಯುಟೇಷನ್ ಇದ್ದವರಲ್ಲಿ ಅಸೆಟಜೋಲಮೈಡ್, ಸೋಡಿಯಂ ಚಾನೆಲ್ ಮ್ಯುಟೇಷನ್‌ನಿಂದ ಇದೇ ರೋಗ ಬಂದವರಿಗಿಂತ ಹೆಚ್ಚು ಸಲ ಕೆಲಸ ಮಾಡುತ್ತದೆ, ಕೆಲವರಲ್ಲಿ ದಾಳಿ ಹೆಚ್ಚಿಸುವುದೂ ಉಂಟು.

ಇನ್ನೊಂದು ಮಾತು. ಕ್ಯಾಲ್ಸಿಯಂ ಹಾಯಿಸುವ ಚಾನೆಲ್ ಎಂದರೆ ಸ್ನಾಯುವಿನಲ್ಲಿ ನರದ ಸಂಕೇತ ಹಿಡಿಯುವ ಅಸಿಟೈಲ್‌ಕೋಲಿನ್ ರಿಸೆಪ್ಟರ್ ಅನ್ನು ಎಲ್ಲರೂ ಮರೆಯುತ್ತಾರೆ. ಸ್ಲೋ-ಚಾನೆಲ್ ಮಯಸ್ತೇನಿಕ್ ಸಿಂಡ್ರೋಮ್‌ನಲ್ಲಿ ಅದು ತಡವಾಗಿ ಮುಚ್ಚಿ, ಅದರ ಮೂಲಕ ಹೆಚ್ಚು ಕ್ಯಾಲ್ಸಿಯಂ ನುಗ್ಗಿ ನರ-ಸ್ನಾಯು ಸಂಧಿಯೇ ನಾಶವಾಗುತ್ತದೆ. ಮಯಸ್ತೇನಿಯಾ ಎಂದು ಪಿರಿಡೊಸ್ಟಿಗ್ಮಿನ್ ಕೊಟ್ಟರೆ ಇಲ್ಲಿ ಕೆಡುಕು ಹೆಚ್ಚುತ್ತದೆ. ತೆರೆದ ಚಾನೆಲ್‌ಗೆ ಅಡ್ಡಗಟ್ಟುವ ಫ್ಲುವಾಕ್ಸೆಟಿನ್ ಅಥವಾ ಕ್ವಿನಿಡಿನ್ ಬೇಕು.

ಶರೀರಕ್ರಿಯೆ_ಪಿಜಿ:

ಮೂವರಿಗೂ ಧನ್ಯವಾದ. ಆದರೆ ತಂತುಮಾಪಕ ಸರ್, ಹೊರಗಿನ ಕ್ಯಾಲ್ಸಿಯಂ ಬೇಡವೇ ಬೇಡ ಎಂದಾದರೆ ಹೊರಗಿನ ಕ್ಯಾಲ್ಸಿಯಂ ಒಳಬಿಡುವ ಓರೈ1 ಚಾನೆಲ್‌ನ ಮ್ಯುಟೇಷನ್ ಇರುವವರಿಗೆ ಸ್ನಾಯು ಯಾಕೆ ಸೋಲುತ್ತದೆ? ಬಯಾಪ್ಸಿಯಲ್ಲಿ ಕೋರ್ ರೋಗದಿಂದ (ತಂತುವಿನೊಳಗೆ ಬಣ್ಣ ಹಿಡಿಯದ ಖಾಲಿ ಜಾಗ ಕಾಣುವ ಕಾಯಿಲೆ) ಅದನ್ನು ಬೇರೆ ಮಾಡುವುದು ಹೇಗೆ?

ತಂತುಮಾಪಕ:

ಒಂದು ಸೆಳೆತಕ್ಕೆ ಬೇಡ. ದೀರ್ಘ ದುಡಿಮೆಯಲ್ಲಿ ಕಣಜ ತುಂಬಿಸಿಕೊಳ್ಳಲು ಬೇಕು. ಕಣಜದ ಪೊರೆಯಲ್ಲಿರುವ ಸ್ಟಿಮ್1 ಒಳಗಿನ ಕ್ಯಾಲ್ಸಿಯಂ ಇಳಿದದ್ದನ್ನು ಗ್ರಹಿಸಿ ಟಿ-ನಳಿಕೆಯ ಓರೈ1 ಚಾನೆಲ್ ತೆರೆಯುತ್ತದೆ. ಅಸ್ಥಿಸ್ನಾಯುವಿನಲ್ಲಿ ಎರಡೂ ಮೊದಲೇ ಹತ್ತಿರ ಇರುವುದರಿಂದ ಇದು ಬೇರೆ ಕೋಶಗಳಿಗಿಂತ ತುಂಬ ಬೇಗ ಆಗುತ್ತದೆ. ಅಳೆಯುವಾಗ ಥಾಪ್ಸಿಗಾರ್ಜಿನ್‌ನಿಂದ ಪಂಪ್ ನಿಲ್ಲಿಸಿ, ಕ್ಯಾಲ್ಸಿಯಂ ಇಲ್ಲದ ದ್ರಾವಣದಲ್ಲಿ ಕಣಜ ಬರಿದು ಮಾಡಿ, ಆಮೇಲೆ 2 ಮಿಲಿಮೋಲಾರ್ ಕ್ಯಾಲ್ಸಿಯಂ ಸೇರಿಸಿ ಏರಿಕೆ ನೋಡುತ್ತಾರೆ. ಅದಕ್ಕಿಂತ ನಂಬಲರ್ಹ ವಿಧಾನ ಮ್ಯಾಂಗನೀಸ್ ಹಾಕಿ ಫ್ಯೂರಾ-2ರ ಬೆಳಕು 360 ನ್ಯಾನೊಮೀಟರ್‌ನಲ್ಲಿ ಎಷ್ಟು ಬೇಗ ಆರುತ್ತದೆ ಎಂದು ಅಳೆಯುವುದು, ಏಕೆಂದರೆ ಆ ತರಂಗಾಂತರ ಕ್ಯಾಲ್ಸಿಯಂನ ಏರಿಳಿತಕ್ಕೆ ಸ್ಪಂದಿಸದು.

ಡುಷೆನ್ ಸ್ನಾಯುಕ್ಷಯದಲ್ಲೂ ಈ ದಾರಿ, ಎಳೆತಕ್ಕೆ ತೆರೆಯುವ ಟಿಆರ್‌ಪಿ ಚಾನೆಲ್‌ಗಳು, ಸೋರುವ ರಯನೊಡಿನ್ ರಿಸೆಪ್ಟರ್, ಹರಿದ ಪೊರೆ ಎಲ್ಲದರ ಮೂಲಕ ಕ್ಯಾಲ್ಸಿಯಂ ಹೆಚ್ಚಿ, ಪ್ರೋಟೀನ್ ಕತ್ತರಿಸುವ ಕಾಲ್ಪೇನ್ ಕಿಣ್ವಗಳು ಚುರುಕಾಗುತ್ತವೆ. ಯಾವುದರ ಪಾಲು ಎಷ್ಟು ಎಂಬುದರಲ್ಲಿ ಒಮ್ಮತವಿಲ್ಲ. ಒಂದೇ ಚಾನೆಲ್ ಅನ್ನು ಹೊಣೆ ಮಾಡುವ ಲೇಖನಗಳನ್ನು ಜಾಗ್ರತೆಯಿಂದ ಓದಿ.

ಬಯಾಪ್ಸಿ_ಗಾಜು:

ಸ್ಟಿಮ್1, ಓರೈ1 ಜೀನ್‌ಗಳಲ್ಲಿ ಕೆಲಸ ಕಳೆಯುವ ಮ್ಯುಟೇಷನ್ ಎರಡೂ ಪ್ರತಿಗಳಲ್ಲಿದ್ದರೆ ಶೈಶವದಲ್ಲೇ ತೀವ್ರ ರೋಗನಿರೋಧಕ ಕೊರತೆ, ಜೊತೆಗೆ ಸ್ನಾಯು ಸಡಿಲತೆ. ಅತಿಯಾಗಿ ತೆರೆಯುವ ಮ್ಯುಟೇಷನ್ ಒಂದೇ ಪ್ರತಿಯಲ್ಲಿದ್ದರೂ ಟ್ಯೂಬ್ಯುಲರ್ ಅಗ್ರಿಗೇಟ್ ಮಯೋಪತಿ: ಶ್ರಮದ ನೋವು, ಸೆಳೆತ, ತೊಡೆ-ಸೊಂಟದ ದೌರ್ಬಲ್ಯ, ಏರಿದ ಸಿಕೆ. ಕಣ್ಣಿನ ಪಾಪೆ ಕಿರಿದಾಗಿದ್ದು ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಸ್ಟಾರ್ಮಾರ್ಕನ್ ಸಿಂಡ್ರೋಮ್ ನೆನಪಿಗೆ ಬರಬೇಕು.

ಗಾಜಿನ ಮೇಲೆ ಬೇರ್ಪಡಿಸಲು ಎನ್‌ಎಡಿಎಚ್ ಮತ್ತು ಎಸ್‌ಡಿಎಚ್ ಎಂಬ, ಕಿಣ್ವ ತೋರಿಸುವ ಎರಡೂ ಬಣ್ಣ ಹಾಕಿ ಹೋಲಿಸಿ. ಅಗ್ರಿಗೇಟ್‌ಗಳು ರೆಟಿಕ್ಯುಲಂನಿಂದ ಆದವು, ಎನ್‌ಎಡಿಎಚ್‌ನಲ್ಲಿ ಗಾಢ, ಎಸ್‌ಡಿಎಚ್‌ನಲ್ಲಿ ಖಾಲಿ, ಗೊಮೊರಿ ಟ್ರೈಕ್ರೋಮ್‌ನಲ್ಲಿ ಕೆಂಪು. ಕೋರ್‌ನಲ್ಲಿ ಮೈಟೊಕಾಂಡ್ರಿಯಾ ಇಲ್ಲದ್ದರಿಂದ ಎನ್‌ಎಡಿಎಚ್, ಎಸ್‌ಡಿಎಚ್ ಎರಡರಲ್ಲೂ ಖಾಲಿ. ಸೆಂಟ್ರಲ್ ಕೋರ್ ಡಿಸೀಸ್‌ನಲ್ಲಿ ಕೋರ್‌ಗಳು ಟೈಪ್ 1 ತಂತುಗಳ ಉದ್ದಕ್ಕೂ ಓಡುತ್ತವೆ. ಬರೀ ಅಡ್ಡಸೀಳಿಕೆ ನೋಡಿದರೆ ಮಿನಿಕೋರ್‌ನಿಂದ ಬೇರ್ಪಡಿಸುವುದು ಕಷ್ಟ, ಉದ್ದಸೀಳಿಕೆಯೂ ಬೇಕು.

ಜೀನ್ ವರದಿ ಓದುವ ಬಗ್ಗೆಯೂ ಹೇಳಬೇಕು. ಆರ್‌ವೈಆರ್1ರಲ್ಲಿ 106 ಎಕ್ಸಾನ್‌ಗಳಿವೆ, ಅರ್ಥ ಖಚಿತವಿಲ್ಲದ ಬದಲಾವಣೆಗಳು ಸಿಗುತ್ತಲೇ ಇರುತ್ತವೆ. ಪ್ರಯೋಗದಲ್ಲಿ ಪರಿಣಾಮ ಸಾಬೀತಾದವು ಮಾತ್ರ ಹೈಪರ್‌ಥರ್ಮಿಯಾ ನಿರ್ಣಯಕ್ಕೆ ಸಲ್ಲುತ್ತವೆ. ಡಿಎನ್‌ಎ ನೆಗೆಟಿವ್ ಬಂದರೆ ಅಪಾಯವಿಲ್ಲ ಎಂದು ಬರೆಯಬಾರದು. ಸಂಶಯ ಉಳಿದರೆ ತೊಡೆಯ ಸ್ನಾಯುವಿನ ತಾಜಾ ತುಣುಕಿನ ಮೇಲೆ ಕೆಫೀನ್-ಹ್ಯಾಲೋಥೇನ್ ಸಂಕೋಚನ ಪರೀಕ್ಷೆ ಆಗಬೇಕು. ಯುರೋಪಿಯನ್ ಪದ್ಧತಿಯಲ್ಲಿ 2 ಮಿಲಿಮೋಲಾರ್ ಅಥವಾ ಕಡಿಮೆ ಕೆಫೀನ್‌ಗೆ, ಇಲ್ಲವೇ 0.44 ಮಿಲಿಮೋಲಾರ್ ಅಥವಾ ಕಡಿಮೆ ಹ್ಯಾಲೋಥೇನ್‌ಗೆ, 2 ಮಿಲಿನ್ಯೂಟನ್ ಬಿಗಿತ ಬಂದರೆ ಪಾಸಿಟಿವ್. ತುಣುಕು ತೆಗೆಯುವಾಗ ಸ್ಥಳೀಯ ಅರಿವಳಿಕೆಯ ಔಷಧ ಸ್ನಾಯುವಿಗೆ ತಗುಲಿದರೆ ಫಲಿತಾಂಶ ಕೆಡುತ್ತದೆ, ಆದ್ದರಿಂದ ನರವನ್ನು ಬ್ಲಾಕ್ ಮಾಡಿಯೇ ತೆಗೆಯಬೇಕು. ಫ್ರೀಜ್ ಮಾಡಿದ ತುಣುಕು ಬಣ್ಣ ಹಾಕಲು ಸಾಕು, ಈ ಪರೀಕ್ಷೆಗೆ ಆಗದು. ಬಯಾಪ್ಸಿಯಾಗಿ 5 ಗಂಟೆಯೊಳಗೆ ಪರೀಕ್ಷೆ ಮುಗಿಯಬೇಕಾದ್ದರಿಂದ ರೋಗಿಯೇ ಆ ಪ್ರಯೋಗಾಲಯ ಇರುವಲ್ಲಿಗೆ ಹೋಗಬೇಕು.